‘ಕರೆಂಟು ಕೊಡುವ’ ಕೆಲಸ: ಫಲವೆಷ್ಟು, ಭಾರವೆಷ್ಟು?

ಪ್ಲಸ್ ಟು ಮತ್ತು ಪಿಯುಸಿ ಫಲಿತಾಂಶ ಪ್ರಕಟವಾಗುವ ದಿನಗಳಲ್ಲಿ ಮೂಕಂಡಪಲ್ಲಿಯ ಮನೆಮನೆಯಲ್ಲೂ ಒಂದೇ ಪ್ರಶ್ನೆ: “ಮುಂದೇನು?” ಪಕ್ಕದಲ್ಲೇ ಸಿಪ್‌ಕಾಟ್ ಕೈಗಾರಿಕಾ ಪ್ರದೇಶವಿರುವುದರಿಂದ ಗಂಡುಮಕ್ಕಳಿಗೆ ಐಟಿಐ ಅಥವಾ ಡಿಪ್ಲೊಮಾ, ಅಂಕ ಚೆನ್ನಾಗಿ ಬಂದಿದ್ದರೆ ಎಂಜಿನಿಯರಿಂಗ್, ಹೆಣ್ಣುಮಕ್ಕಳಿಗೆ ನರ್ಸಿಂಗ್ ಅಥವಾ ಟೀಚರ್ ಟ್ರೈನಿಂಗ್. ನಮ್ಮ ಲೆಕ್ಕಾಚಾರ ಸಾಮಾನ್ಯವಾಗಿ ಇಲ್ಲಿಗೇ ಮುಗಿದುಹೋಗುತ್ತದೆ. ಈ ಪಟ್ಟಿಯಲ್ಲಿ ಸೇರದೆ ಉಳಿದ ಒಂದು ವೃತ್ತಿಯ ಬಗ್ಗೆ ಈ ಲೇಖನ. ಅದು ವಿಕಿರಣ ಚಿಕಿತ್ಸೆ, ಅಂದರೆ ರೇಡಿಯೋಥೆರಪಿ.

ಹೆಸರು ಹೊಸದೆನಿಸಬಹುದು, ಆದರೆ ಸಂಗತಿ ನಮಗೆ ಹೊಸದಲ್ಲ. ಕ್ಯಾನ್ಸರ್ ಬಂದವರ ಮನೆಯಲ್ಲಿ “ಆಪರೇಷನ್ ಆಯಿತು, ಈಗ ಕರೆಂಟು ಕೊಡ್ತಾ ಇದ್ದಾರೆ” ಎಂಬ ಮಾತನ್ನು ನಾವೆಲ್ಲರೂ ಕೇಳಿದ್ದೇವೆ. ಆ ‘ಕರೆಂಟು’ ನಮ್ಮ ಮನೆಯ ದೀಪ ಉರಿಸುವ ವಿದ್ಯುತ್ ಅಲ್ಲ. ಅದು ಬಹಳ ಶಕ್ತಿಯುಳ್ಳ ಎಕ್ಸ್-ರೇ ಅಥವಾ ಗಾಮಾ ಕಿರಣ. ಕ್ಯಾನ್ಸರ್ ಕಣಗಳ ಒಳಗಿನ ಡಿಎನ್‌ಎಯನ್ನು ಅದು ಹಾನಿಗೊಳಿಸುತ್ತದೆ. ಕಣಗಳು ಮತ್ತೆ ಬೆಳೆಯಲಾರದೆ ಸಾಯುತ್ತವೆ. ಸುತ್ತಲಿನ ಆರೋಗ್ಯವಂತ ಕಣಗಳಿಗೂ ಸ್ವಲ್ಪ ಪೆಟ್ಟು ಬೀಳುತ್ತದೆ. ಆದರೆ ಅವುಗಳಿಗೆ ಚೇತರಿಸಿಕೊಳ್ಳುವ ಶಕ್ತಿ ಹೆಚ್ಚು. ಆದುದರಿಂದಲೇ ಪೂರ್ತಿ ಪ್ರಮಾಣವನ್ನು ಒಂದೇ ದಿನ ಕೊಡದೆ, ದಿನಕ್ಕಿಷ್ಟರಂತೆ ಹಲವು ವಾರಗಳಿಗೆ ಹಂಚಿ ಕೊಡುತ್ತಾರೆ.

ನಮ್ಮ ಮಗ ಅಥವಾ ಮಗಳು “ನಾನು ಈ ಕೋರ್ಸಿಗೆ ಸೇರುತ್ತೇನೆ” ಎಂದರೆ ನಾವು ಏನು ಹೇಳುತ್ತೇವೆ? “ಅಯ್ಯೋ, ರೇಡಿಯೇಷನ್! ಕೂದಲು ಉದುರುತ್ತೆ, ಮಕ್ಕಳಾಗಲ್ಲ, ನಾಳೆ ಮದುವೆಗೆ ಯಾರು ಒಪ್ತಾರೆ?” ಹೀಗೆ ಹೇಳಿ ಬಾಗಿಲು ಮುಚ್ಚಿಬಿಡುತ್ತೇವೆ. ಈ ಭಯ ಎಷ್ಟು ನಿಜ? ಈ ಕೆಲಸದಲ್ಲಿ ಭಯಪಡಬೇಕಾದದ್ದು ಬೇರೇನಾದರೂ ಇದೆಯೇ? ತಂದೆತಾಯಿಯರು ನಿರ್ಧಾರ ಮಾಡುವ ಮುನ್ನ ಎರಡನ್ನೂ ತಿಳಿದುಕೊಳ್ಳುವುದು ಒಳ್ಳೆಯದು.

ಹೊಸೂರು ರಸ್ತೆಯ ಆಸ್ಪತ್ರೆಗಳು

ಈ ಕೆಲಸ ನಡೆಯುವ ಜಾಗಗಳು ನಮ್ಮಿಂದ ದೂರದಲ್ಲೇನೂ ಇಲ್ಲ. ಹೊಸೂರಿನಲ್ಲಿ ಬೆಂಗಳೂರಿನ ಬಸ್ಸು ಹತ್ತಿ ಅತ್ತಿಬೆಲೆ, ಚಂದಾಪುರ ದಾಟಿದರೆ ಬೊಮ್ಮಸಂದ್ರದಲ್ಲಿ ನಾರಾಯಣ ಹೆಲ್ತ್ ಸಿಟಿಯ ಮಜುಂದಾರ್ ಷಾ ಕ್ಯಾನ್ಸರ್ ಆಸ್ಪತ್ರೆ ಸಿಗುತ್ತದೆ. ಎಲೆಕ್ಟ್ರಾನಿಕ್ ಸಿಟಿ, ಮಡಿವಾಳ ಕಳೆದರೆ ಕೋರಮಂಗಲದಲ್ಲಿ ಸಂತ ಯೊವಾನ್ನರ, ಅಂದರೆ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಆಸ್ಪತ್ರೆ. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು 1963ರಲ್ಲಿ ಪ್ರಾರಂಭಿಸಿದ ಸಂಸ್ಥೆ ಅದು. ಇನ್ನೂ ಮುಂದೆ ಹೋದರೆ ಡೈರಿ ವೃತ್ತದ ಬಳಿ, ನಿಮ್ಹಾನ್ಸ್ ಪಕ್ಕದಲ್ಲಿ, ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ. ಕೇಂದ್ರ ಸಚಿವರಾಗಿದ್ದ ರಫಿ ಅಹಮದ್ ಕಿದ್ವಾಯಿಯವರ ಹೆಸರಿನಲ್ಲಿ 1973ರಲ್ಲಿ ಆರಂಭವಾದ ಈ ಸಂಸ್ಥೆಗೆ ಕರ್ನಾಟಕದ ಮೂಲೆಮೂಲೆಗಳಿಂದ ಮಾತ್ರವಲ್ಲ, ತಮಿಳುನಾಡು ಮತ್ತು ಆಂಧ್ರದಿಂದಲೂ ಬಡ ರೋಗಿಗಳು ಬರುತ್ತಾರೆ. ಕೃಷ್ಣಗಿರಿಯ ಕಡೆಯಿಂದ ಹೊರಟರೆ ವೆಲ್ಲೂರು. ಅಲ್ಲಿ ಡಾ. ಐಡಾ ಸ್ಕಡರ್ 1900ರಲ್ಲಿ ಒಂದೇ ಹಾಸಿಗೆಯಿಂದ ಶುರುಮಾಡಿದ ಸಿಎಂಸಿ ಆಸ್ಪತ್ರೆ ಇದೆ.

ಕೆಲಸದ ಅಗತ್ಯವೂ ಹೆಚ್ಚುತ್ತಲೇ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಸುಮಾರು 14 ಲಕ್ಷ ಮಂದಿಗೆ ಹೊಸದಾಗಿ ಕ್ಯಾನ್ಸರ್ ಪತ್ತೆಯಾಯಿತು. ಕ್ಯಾನ್ಸರ್ ರೋಗಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಯಾವುದಾದರೊಂದು ಹಂತದಲ್ಲಿ ವಿಕಿರಣ ಚಿಕಿತ್ಸೆ ಬೇಕಾಗುತ್ತದೆ ಎಂಬುದು ತಜ್ಞರ ಲೆಕ್ಕ. ಹತ್ತು ಲಕ್ಷ ಜನಸಂಖ್ಯೆಗೆ ಒಂದಾದರೂ ಯಂತ್ರ ಇರಬೇಕೆನ್ನುತ್ತಾರೆ. ನಮ್ಮ ದೇಶ ಇನ್ನೂ ಆ ಮಟ್ಟ ಮುಟ್ಟಿಲ್ಲ.

ಯಾರು ಯಾರು ಕೆಲಸ ಮಾಡುತ್ತಾರೆ?

ವಿಕಿರಣ ಚಿಕಿತ್ಸೆ ಒಬ್ಬ ವೈದ್ಯರಿಂದ ಆಗುವ ಕೆಲಸವಲ್ಲ. ಮುಖ್ಯವಾಗಿ ಮೂವರು ಇರಬೇಕು. ಮೊದಲನೆಯವರು ವಿಕಿರಣ ತಜ್ಞ ವೈದ್ಯರು. ಎಂಬಿಬಿಎಸ್ ಮುಗಿಸಿ ಮತ್ತೆ ಮೂರು ವರ್ಷ ಎಂಡಿ ಓದಿದವರು. ಎಲ್ಲಿಗೆ, ಎಷ್ಟು ಕಿರಣ ಕೊಡಬೇಕೆಂದು ತೀರ್ಮಾನಿಸುವವರು ಇವರೇ. ಎರಡನೆಯವರು ವೈದ್ಯಕೀಯ ಭೌತವಿಜ್ಞಾನಿ. ಭೌತಶಾಸ್ತ್ರದಲ್ಲಿ ಎಂಎಸ್ಸಿ ಮಾಡಿ, ಮುಂಬಯಿಯ ಭಾಭಾ ಅಣು ಸಂಶೋಧನಾ ಕೇಂದ್ರದ ಒಂದು ವರ್ಷದ ಡಿಪ್ಲೊಮಾದಂತಹ ತರಬೇತಿ ಪಡೆದವರು. ಕಿರಣ ಯಾವ ಕೋನದಿಂದ ಬೀಳಬೇಕು, ಬೆನ್ನುಹುರಿಗೆ, ಕಣ್ಣಿಗೆ, ಹೃದಯಕ್ಕೆ ತಗಲದಂತೆ ಹೇಗೆ ತಿರುಗಿಸಬೇಕು ಎಂಬ ಲೆಕ್ಕವೆಲ್ಲ ಇವರದು. ಮೂರನೆಯವರು ರೇಡಿಯೋಥೆರಪಿ ಟೆಕ್ನಾಲಜಿಸ್ಟ್. ರೋಗಿಯನ್ನು ದಿನವೂ ಮೇಜಿನ ಮೇಲೆ ಮಲಗಿಸಿ, ಗುರುತಿಗೆ ಸರಿಯಾಗಿ ಹೊಂದಿಸಿ, ಯಂತ್ರ ನಡೆಸುವವರು. ಪ್ಲಸ್ ಟು ಅಥವಾ ಪಿಯುಸಿಯಲ್ಲಿ ವಿಜ್ಞಾನ ಓದಿದ ನಮ್ಮ ಮಕ್ಕಳಿಗೆ ಹತ್ತಿರದ ಬಾಗಿಲು ಇದು.

ಟೆಕ್ನಾಲಜಿಸ್ಟ್‌ನ ಒಂದು ದಿನ ಹೇಗಿರುತ್ತದೆ? ಮೊದಲ ರೋಗಿ ಬರುವ ಮುನ್ನವೇ ಯಂತ್ರ ಸರಿಯಾದ ಪ್ರಮಾಣದ ಕಿರಣ ಬಿಡುತ್ತಿದೆಯೇ, ಲೇಸರ್ ಗೆರೆಗಳು ನೇರವಾಗಿವೆಯೇ ಎಂದು ಪರೀಕ್ಷೆಯಾಗಬೇಕು. ನಂತರ ಒಬ್ಬರಾದ ಮೇಲೆ ಒಬ್ಬರು. ತಲೆ, ಕುತ್ತಿಗೆಯ ಕ್ಯಾನ್ಸರ್ ಇರುವವರಿಗೆ ಮುಖಕ್ಕೆ ಒಂದು ಅಚ್ಚು ಮಾಡಿರುತ್ತಾರೆ. ಬಿಸಿನೀರಿನಲ್ಲಿ ಮೆತ್ತಗಾಗುವ ಜಾಲರಿಯಂಥ ಪ್ಲಾಸ್ಟಿಕ್ ಹಾಳೆಯನ್ನು ಮುಖದ ಮೇಲೆ ಒತ್ತಿ ಹಿಡಿದರೆ ಕೆಲವೇ ನಿಮಿಷಗಳಲ್ಲಿ ಅದು ಗಟ್ಟಿಯಾಗಿ ಮುಖದ ಆಕಾರ ತಾಳುತ್ತದೆ. ದಿನವೂ ಅದನ್ನು ತೊಡಿಸಿ ಮೇಜಿಗೆ ಬಿಗಿದರೆ ತಲೆ ಅಲುಗುವುದಿಲ್ಲ. ಕೆಲವು ಮಿಲಿಮೀಟರ್ ಆಚೀಚೆಯಾದರೂ ತೊಂದರೆ ಎಂಬ ಜಾಗದಲ್ಲಿ ಇದು ಬೇಕೇ ಬೇಕು. ಆಮೇಲೆ ಸಿಬ್ಬಂದಿಯೆಲ್ಲ ಹೊರಗೆ ಬಂದು ದಪ್ಪ ಬಾಗಿಲು ಮುಚ್ಚುತ್ತಾರೆ. ಒಳಗೆ ಉಳಿಯುವುದು ರೋಗಿ ಒಬ್ಬರೇ.

ಭಯ ಎಲ್ಲಿಂದ ಬಂತು?

ನಮ್ಮ ಭಯಕ್ಕೆ ಕಾರಣವಿಲ್ಲದಿಲ್ಲ. ರಾಂಟ್‌ಜನ್ 1895ರ ನವೆಂಬರ್‌ನಲ್ಲಿ ಎಕ್ಸ್-ರೇ ಕಂಡುಹಿಡಿದ ಮರುವರ್ಷವೇ ವೈದ್ಯರು ಅದನ್ನು ಚಿಕಿತ್ಸೆಗೆ ಬಳಸತೊಡಗಿದರು. ಅದರ ಅಪಾಯ ಮಾತ್ರ ಯಾರಿಗೂ ತಿಳಿದಿರಲಿಲ್ಲ. ಎಡಿಸನ್ನರ ಸಹಾಯಕ ಕ್ಲಾರೆನ್ಸ್ ಡ್ಯಾಲಿ ತನ್ನ ಕೈಗಳನ್ನೇ ಮತ್ತೆ ಮತ್ತೆ ಕಿರಣಕ್ಕೆ ಒಡ್ಡಿ ಪರೀಕ್ಷಿಸುತ್ತಿದ್ದ. ಕೈಗಳಿಗೆ ಕ್ಯಾನ್ಸರ್ ತಗಲಿ, ಅವುಗಳನ್ನು ಕತ್ತರಿಸಿದರೂ ಉಳಿಯದೆ 1904ರಲ್ಲಿ ತೀರಿಕೊಂಡ. ರೇಡಿಯಂ ಕಂಡುಹಿಡಿದು ಎರಡು ನೊಬೆಲ್ ಬಹುಮಾನ ಪಡೆದ ಮೇರಿ ಕ್ಯೂರಿ 1934ರಲ್ಲಿ ರಕ್ತದ ಕಾಯಿಲೆಯಿಂದ ಸತ್ತರು. ಹೀಗೆ ಪ್ರಾಣ ತೆತ್ತ ವೈದ್ಯರು, ವಿಜ್ಞಾನಿಗಳು, ದಾದಿಯರ ನೆನಪಿಗೆ 1936ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದ ಸೇಂಟ್ ಜಾರ್ಜ್ ಆಸ್ಪತ್ರೆಯಲ್ಲಿ ಒಂದು ಕಲ್ಲು ನಿಲ್ಲಿಸಿದರು. ಅವರ ಹೆಸರುಗಳನ್ನು ಅದರ ಮೇಲೆ ಕೆತ್ತಲಾಗಿದೆ.

ಅವರ ಸಾವು ವ್ಯರ್ಥವಾಗಲಿಲ್ಲ. ಇಂದಿನ ನಿಯಮಗಳೆಲ್ಲ ಅವರು ತೆತ್ತ ಬೆಲೆಯಿಂದ ಬಂದವು. ಈಗ ಯಂತ್ರವಿರುವ ಕೋಣೆಯ ಗೋಡೆಗಳು ಒಂದು ಮೀಟರಿಗೂ ಹೆಚ್ಚು ದಪ್ಪದ ಕಾಂಕ್ರೀಟಿನವು. ಬಾಗಿಲು ತೆರೆದಿದ್ದರೆ ಯಂತ್ರ ನಡೆಯುವುದೇ ಇಲ್ಲ. ಈಗ ಹೆಚ್ಚಾಗಿ ಬಳಸುವ ಲಿನಿಯರ್ ಆಕ್ಸಿಲರೇಟರ್ ವಿದ್ಯುತ್ತಿನಿಂದ ನಡೆಯುವ ಯಂತ್ರ. ಸ್ವಿಚ್ ಆರಿಸಿದರೆ ಟ್ಯೂಬ್‌ಲೈಟಿನ ಬೆಳಕು ನಿಂತಂತೆ ಅದರ ಕಿರಣವೂ ನಿಲ್ಲುತ್ತದೆ. ಹಳೆಯ ಕೋಬಾಲ್ಟ್ ಯಂತ್ರದಲ್ಲಿ ಮಾತ್ರ ಕಿರಣದ ಮೂಲ ಸದಾ ಉರಿಯುತ್ತಲೇ ಇರುತ್ತದೆ. ಅದನ್ನು ಸೀಸದಂಥ ಭಾರಲೋಹದ ಕವಚದೊಳಗೆ ಮುಚ್ಚಿಟ್ಟಿರುತ್ತಾರೆ. ಹೊರಗಿನಿಂದ ಕಿರಣ ಪಡೆದು ಬಂದ ರೋಗಿಯ ಮೈಯಿಂದ ಬೇರೆಯವರಿಗೆ ಏನೂ ಹರಡುವುದಿಲ್ಲ. ಅಂಥವರು ಮನೆಗೆ ಬಂದು ಮೊಮ್ಮಗುವನ್ನು ಎತ್ತಿಕೊಳ್ಳಬಹುದು, ಒಂದೇ ತಟ್ಟೆಯಲ್ಲಿ ಊಟವನ್ನೂ ಮಾಡಬಹುದು.

ಸಿಬ್ಬಂದಿಯ ಎದೆಯ ಮೇಲೆ ಟಿಎಲ್‌ಡಿ ಎಂಬ ಪುಟ್ಟ ಬ್ಯಾಡ್ಜ್ ಇರುತ್ತದೆ. ಮೂರು ತಿಂಗಳಿಗೊಮ್ಮೆ ಅದನ್ನು ಕಳುಹಿಸಿ, ಅವರ ಮೈಮೇಲೆ ಎಷ್ಟು ವಿಕಿರಣ ಬಿದ್ದಿದೆ ಎಂದು ಅಳೆಯುತ್ತಾರೆ. 1983ರಲ್ಲಿ ಸ್ಥಾಪನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪ್ರಕಾರ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ ಮೀರಬಾರದು. ಯಾವ ಒಂದು ವರ್ಷದಲ್ಲೂ 30 ದಾಟಬಾರದು. ಹೋಲಿಕೆಗೆ ಹೇಳುವುದಾದರೆ, ಮಣ್ಣು, ಕಲ್ಲು, ಗಾಳಿ, ಆಕಾಶದಿಂದ ಪ್ರಪಂಚದ ಪ್ರತಿ ಮನುಷ್ಯನಿಗೂ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಹೇಗೂ ತಗಲುತ್ತದೆ. ನಿಯಮ ಪಾಲಿಸುವ ಆಸ್ಪತ್ರೆಯಲ್ಲಿ ಟೆಕ್ನಾಲಜಿಸ್ಟ್‌ಗೆ ಬೀಳುವ ವಿಕಿರಣ ಮಿತಿಗಿಂತ ಬಹಳ ಕಡಿಮೆ. ಗರ್ಭಿಣಿಯಾದ ಸಿಬ್ಬಂದಿ ಆ ವಿಷಯ ತಿಳಿಸಿದರೆ ಹೊಟ್ಟೆಯಲ್ಲಿರುವ ಮಗುವಿಗೆ 1 ಮಿಲಿಸೀವರ್ಟ್‌ಗಿಂತ ಹೆಚ್ಚು ತಗಲದಂತೆ ಕೆಲಸ ಬದಲಿಸಿಕೊಡಬೇಕು. ಆದುದರಿಂದ “ಮಕ್ಕಳಾಗಲ್ಲ, ಮದುವೆಯಾಗಲ್ಲ” ಎಂಬ ಮಾತಿಗೆ ಆಧಾರವಿಲ್ಲ. ಎಚ್ಚರ ಮಾತ್ರ ಬೇಕೇ ಬೇಕು.

ನಿಜವಾದ ಭಾರ

ಹಾಗಾದರೆ ಈ ಕೆಲಸದಲ್ಲಿ ಕಷ್ಟವೇ ಇಲ್ಲವೇ? ಇದೆ. ಆದರೆ ಅದು ನಾವು ಅಂದುಕೊಂಡ ಕಡೆ ಇಲ್ಲ.

ಮೊದಲನೆಯದು ಮನಸ್ಸಿನ ಭಾರ. ಆಪರೇಷನ್ ಮಾಡುವ ವೈದ್ಯರು ರೋಗಿಯನ್ನು ನೋಡುವುದು ಕೆಲವೇ ಸಲ. ಟೆಕ್ನಾಲಜಿಸ್ಟ್ ಅದೇ ರೋಗಿಯನ್ನು ವಾರಕ್ಕೆ ಐದು ದಿನ, ಆರೇಳು ವಾರ ನೋಡುತ್ತಾರೆ. ಮೊದಲ ದಿನ ನಡೆದುಕೊಂಡು ಬಂದವರು ನಾಲ್ಕನೇ ವಾರದಲ್ಲಿ ಬಾಯಿ ಹುಣ್ಣಾಗಿ ಅನ್ನ ನುಂಗಲಾರದೆ, ಚರ್ಮ ಸುಟ್ಟಂತೆ ಕಪ್ಪಾಗಿ, ಮಗನ ತೋಳು ಹಿಡಿದು ಬರುವುದನ್ನು ಕಾಣುತ್ತಾರೆ. ಅವರ ಮಕ್ಕಳ ಹೆಸರು, ಊರಿನ ಬೆಳೆ, ಬಡ್ಡಿಯ ಸಾಲ ಎಲ್ಲವೂ ಗೊತ್ತಾಗಿರುತ್ತದೆ. ಒಂದು ಸೋಮವಾರ ಅವರು ಬರುವುದಿಲ್ಲ. ಆ ಹೊತ್ತಿಗೆ ಇನ್ನೊಬ್ಬರನ್ನು ಕರೆದು ಮಲಗಿಸಬೇಕು. ಅಳುವುದಕ್ಕೂ ಪುರುಸೊತ್ತಿರುವುದಿಲ್ಲ. ಪುಟ್ಟ ಮಕ್ಕಳಿಗೆ ಚಿಕಿತ್ಸೆ ಕೊಡುವ ದಿನಗಳು ಇನ್ನೂ ಕಷ್ಟ.

ಎರಡನೆಯದು ಹೊಣೆಗಾರಿಕೆ. 1985ರಿಂದ 1987ರವರೆಗೆ ಅಮೆರಿಕ ಮತ್ತು ಕೆನಡಾದಲ್ಲಿ ಥೆರಾಕ್-25 ಎಂಬ ಯಂತ್ರದ ಸಾಫ್ಟ್‌ವೇರ್ ದೋಷದಿಂದ ಆರು ರೋಗಿಗಳಿಗೆ ಮಿತಿಮೀರಿ ಕಿರಣ ಬಿತ್ತು. ಕೆಲವರು ಅದರಿಂದಲೇ ಸತ್ತರು. ಪರದೆಯ ಮೇಲೆ ದೋಷದ ಸೂಚನೆ ಪದೇಪದೇ ಬರುತ್ತಿದ್ದುದರಿಂದ ಅದನ್ನು ದಾಟಿ ಮುಂದುವರಿಯುವುದು ನಡೆಸುವವರಿಗೆ ರೂಢಿಯಾಗಿತ್ತು. “ಯಂತ್ರ ತಪ್ಪು ಮಾಡುವುದಿಲ್ಲ” ಎಂಬ ನಂಬಿಕೆ ಎಷ್ಟು ಅಪಾಯಕರ ಎಂಬ ಪಾಠವಾಗಿ ಆ ಘಟನೆಯನ್ನು ಇಂದಿಗೂ ಕಲಿಸುತ್ತಾರೆ. ಇಂದಿನ ಯಂತ್ರಗಳಲ್ಲಿ ರಕ್ಷಣೆ ಬಹಳ ಹೆಚ್ಚಿದೆ. ಆದರೂ ರೋಗಿಯ ಹೆಸರು, ಎಡವೋ ಬಲವೋ, ಇಂದು ಎಷ್ಟನೆಯ ದಿನ ಎಂಬುದನ್ನು ದಿನದ ಕೊನೆಯ ರೋಗಿಗೂ ಮೊದಲ ರೋಗಿಯಷ್ಟೇ ಎಚ್ಚರದಿಂದ ನೋಡಬೇಕು. ಬೇಸರ ಬಂದವರಿಗೆ ಈ ಕೆಲಸವಲ್ಲ.

ಮೂರನೆಯದು ದೇಹದ ಶ್ರಮ. ನಿಲ್ಲಲಾಗದವರನ್ನು ಗಾಲಿಕುರ್ಚಿಯಿಂದ ಮೇಜಿಗೆ, ಮೇಜಿನಿಂದ ಗಾಲಿಕುರ್ಚಿಗೆ ಎತ್ತಿ ಎತ್ತಿ ಬೆನ್ನುನೋವು ಬರುತ್ತದೆ. ಕೋಣೆಗಳು ಹೆಚ್ಚಾಗಿ ನೆಲಮಾಳಿಗೆಯಲ್ಲಿ. ಹೊರಗೆ ಮಳೆಯೋ ಬಿಸಿಲೋ ತಿಳಿಯುವುದಿಲ್ಲ. ಯಂತ್ರ ಕೆಟ್ಟು ನಿಂತರೆ ದೂರದೂರಿನಿಂದ ಬಂದು ಬೆಳಗಿನಿಂದ ಕಾದವರ ಕೋಪ ಮೊದಲು ತಗಲುವುದು ಬಾಗಿಲಲ್ಲಿ ನಿಂತವರಿಗೆ.

ನಾಲ್ಕನೆಯದು ಸಂಬಳ. ಈ ಆಸ್ಪತ್ರೆಗಳಿಗೆ ಹೋಗುವ ಬಸ್ಸೇ ಎಲೆಕ್ಟ್ರಾನಿಕ್ ಸಿಟಿಯನ್ನು ದಾಟಿ ಹೋಗುತ್ತದೆ. ಅಲ್ಲಿ ಇಳಿಯುವ ಓರಗೆಯವರ ಸಂಬಳದ ಜೊತೆ ಹೋಲಿಸಿದರೆ ಖಾಸಗಿ ಆಸ್ಪತ್ರೆಯ ಹೊಸ ಟೆಕ್ನಾಲಜಿಸ್ಟ್‌ಗೆ ಸಿಗುವುದು ಕಡಿಮೆ. ಮೇಲೇರುವ ಮೆಟ್ಟಿಲುಗಳೂ ಕೆಲವೇ. ಯಂತ್ರವಿರುವ ಊರುಗಳೂ ಕೆಲವೇ ಆದುದರಿಂದ ಸ್ವಂತ ಊರಿನಲ್ಲೇ ಕೆಲಸ ಸಿಗುತ್ತದೆಂದು ನಂಬುವಂತಿಲ್ಲ. ಯಂತ್ರಗಳು ಬದಲಾದಂತೆಲ್ಲ ಮತ್ತೆ ಮತ್ತೆ ಕಲಿಯಬೇಕು.

ಸಿಗುವ ಪ್ರತಿಫಲ

ಇಷ್ಟೆಲ್ಲ ಇದ್ದೂ ಈ ಕೆಲಸಕ್ಕೆ ಬಂದ ಅನೇಕರು ಬಿಟ್ಟುಹೋಗುವುದಿಲ್ಲ. ಏಕೆ?

ಫಲ ಕಣ್ಣಿಗೆ ಕಾಣುತ್ತದೆ. ಗರ್ಭಕೊರಳಿನ ಕ್ಯಾನ್ಸರಿನಿಂದ ರಕ್ತಸ್ರಾವವಾಗಿ ಬಿಳಿಚಿಕೊಂಡು ಬಂದ ತಾಯಿಗೆ ಚಿಕಿತ್ಸೆ ಶುರುವಾದ ಕೆಲವೇ ದಿನಗಳಲ್ಲಿ ರಕ್ತ ನಿಲ್ಲುವುದುಂಟು. ಮೂಳೆಗೆ ಹರಡಿದ ಕ್ಯಾನ್ಸರಿನ ನೋವಿನಿಂದ ರಾತ್ರಿಯಿಡೀ ನಿದ್ರೆಯಿಲ್ಲದವರಿಗೆ ಒಂದೇ ಸಲದ ಕಿರಣದಿಂದಲೂ ನೋವು ಇಳಿದು ನಿದ್ರೆ ಬರುವುದುಂಟು. ಗಂಟಲಿನ ಧ್ವನಿಪೆಟ್ಟಿಗೆಯ ಕ್ಯಾನ್ಸರ್ ಆರಂಭದಲ್ಲೇ ಪತ್ತೆಯಾದರೆ ಕತ್ತರಿಯಿಲ್ಲದೆ ಕಿರಣದಿಂದಲೇ ಹೆಚ್ಚಿನವರು ಗುಣವಾಗುತ್ತಾರೆ; ಮಾತು ಉಳಿಯುತ್ತದೆ. ಗುಣವಾಗದವರಿಗೂ ಕೊನೆಯ ದಿನಗಳ ನೋವು ಕಡಿಮೆಯಾಗುತ್ತದೆ. ಅದೂ ಚಿಕ್ಕ ಸೇವೆಯಲ್ಲ.

ಇನ್ನೊಂದು ಪ್ರತಿಫಲ ನಮ್ಮ ಗಡಿನಾಡಿನ ಮಕ್ಕಳಿಗೇ ವಿಶೇಷ. ಬಾಗಿಲು ಮುಚ್ಚಿದ ಮೇಲೆ ರೋಗಿ ಒಳಗೆ ಒಂಟಿ ಎಂದೆವಲ್ಲ, ಆ ಹೊತ್ತಿನಲ್ಲಿ ಅವರ ಜೊತೆಗಿರುವುದು ಸ್ಪೀಕರಿನಿಂದ ಬರುವ ಒಂದು ಧ್ವನಿ ಮಾತ್ರ. ಟೆಕ್ನಾಲಜಿಸ್ಟ್ ಕ್ಯಾಮರಾದಲ್ಲಿ ನೋಡುತ್ತಾ, “ಅಲುಗಾಡಬೇಡಿ ಅಮ್ಮ, ಇನ್ನು ಎರಡೇ ನಿಮಿಷ” ಎಂದು ಹೇಳುತ್ತಾರೆ. ಆ ಮಾತು ರೋಗಿಯ ತಾಯ್ನುಡಿಯಲ್ಲಿ ಬಂದರೆ ಬಿಗಿದ ಮೈ ಸಡಿಲವಾಗುತ್ತದೆ. ಚಿಕಿತ್ಸೆ ಗುರಿಗೆ ಸರಿಯಾಗಿ ಬೀಳುತ್ತದೆ. ಮೂಕಂಡಪಲ್ಲಿಯ ಮಕ್ಕಳು ಬೀದಿಯಲ್ಲಿ ಆಡುತ್ತಲೇ ಕನ್ನಡ, ತಮಿಳು, ತೆಲುಗು ಮೂರನ್ನೂ ಕಲಿತವರು. ಅಂಕಪಟ್ಟಿಯಲ್ಲಿ ಇದಕ್ಕೆ ಅಂಕವಿಲ್ಲ. ಹೊಸೂರು ರಸ್ತೆಯ ಆಸ್ಪತ್ರೆಗಳಲ್ಲಿ ಇದಕ್ಕೆ ಬಹಳ ಬೆಲೆಯಿದೆ.

ಆ ಧ್ವನಿಗೆ ಇನ್ನೊಂದು ಕೆಲಸವೂ ಇದೆ. ಸುಸ್ತು, ಹುಣ್ಣು, ಬಸ್ ಚಾರ್ಜಿನ ಚಿಂತೆಗಳಿಂದ ಕೆಲವರು ಅರ್ಧಕ್ಕೇ ಬಿಟ್ಟು ಊರಿಗೆ ಹೋಗಿಬಿಡುತ್ತಾರೆ. ನಡುವೆ ನಿಲ್ಲಿಸಿದರೆ ಉಳಿದ ಕ್ಯಾನ್ಸರ್ ಕಣಗಳು ಮತ್ತೆ ಬೆಳೆಯುತ್ತವೆ. ಗರ್ಭಕೊರಳಿನ ಕ್ಯಾನ್ಸರಿಗೆ ಇಡೀ ಚಿಕಿತ್ಸೆಯನ್ನು ಎಂಟು ವಾರಗಳೊಳಗೆ ಮುಗಿಸಬೇಕೆನ್ನುವುದು ಇದಕ್ಕಾಗಿಯೇ. “ನಾಳೆ ಬರ್ತೀರಲ್ಲ?” ಎಂದು ದಿನವೂ ಕೇಳುವ ಒಬ್ಬರಿದ್ದರೆ ರೋಗಿ ಮರುದಿನ ಬರುವುದಕ್ಕೆ ಅದೂ ಒಂದು ಕಾರಣವಾಗುತ್ತದೆ. ರೋಗಿಯನ್ನು ದಿನವೂ ನೋಡುವುದೇ ಈ ಕೆಲಸದ ಭಾರ, ಫಲವೂ ಅದರಿಂದಲೇ. ಒಂದನ್ನು ಬಿಟ್ಟು ಇನ್ನೊಂದನ್ನು ಪಡೆಯಲಾಗದು.

ಕುಟುಂಬದ ದೃಷ್ಟಿಯಿಂದಲೂ ಅನುಕೂಲಗಳಿವೆ. ಕೆಲಸ ಹೆಚ್ಚಾಗಿ ಹಗಲಿನದು, ರಾತ್ರಿಪಾಳಿ ಅಪರೂಪ. ತುರ್ತು ಚಿಕಿತ್ಸೆ ಬಿಟ್ಟರೆ ಭಾನುವಾರ ಸಾಮಾನ್ಯವಾಗಿ ರಜೆ. ಪೂಜೆಗೆ ಮನೆಯವರೆಲ್ಲ ಒಟ್ಟಿಗೆ ಹೋಗಬಹುದು. ಹೆಣ್ಣು ಗಂಡೆಂಬ ಭೇದವಿಲ್ಲ. ಮೈಮುಟ್ಟಿ ಹೊಂದಿಸುವ ಕೆಲಸವಾದ್ದರಿಂದ ಹೆಂಗಸರ ಚಿಕಿತ್ಸೆಗೆ ಮಹಿಳಾ ಟೆಕ್ನಾಲಜಿಸ್ಟ್‌ಗಳು ಬೇಕೇ ಬೇಕು.

ಸೇರುವ ಮುನ್ನ

ಕರ್ನಾಟಕದಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಡಿ ಬಿಎಸ್ಸಿ ರೇಡಿಯೋಥೆರಪಿ ಟೆಕ್ನಾಲಜಿ ಕೋರ್ಸ್ ಇದೆ. ಕಿದ್ವಾಯಿ ಸಂಸ್ಥೆಯಲ್ಲಿ ಅದನ್ನು ಕಲಿಸುತ್ತಾರೆ. ತರಗತಿಗಳ ಜೊತೆಗೆ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್ ಕಡ್ಡಾಯ. ತಮಿಳುನಾಡಿನಲ್ಲಿ ಓದಬಯಸುವವರು ವೆಲ್ಲೂರಿನಲ್ಲಿ ವಿಚಾರಿಸಬಹುದು. ಬೇರೆ ರಾಜ್ಯದವರಿಗೆ ಸೀಟಿನ ನಿಯಮವೇನು ಎಂಬುದನ್ನು ಗಡಿಯಲ್ಲಿರುವ ನಾವು ಮೊದಲೇ ಕೇಳಿ ತಿಳಿಯಬೇಕು. ಇಂತಹ ವೃತ್ತಿಗಳ ಶಿಕ್ಷಣ ಮತ್ತು ನೋಂದಣಿಗಾಗಿ 2021ರಲ್ಲಿ ಕೇಂದ್ರ ಸರ್ಕಾರ ಪ್ರತ್ಯೇಕ ಕಾಯ್ದೆಯನ್ನೇ ತಂದಿದೆ. ಆದುದರಿಂದ ಮಾನ್ಯತೆಯಿಲ್ಲದ ಸರ್ಟಿಫಿಕೇಟಿಗೆ ಹಣ ಸುರಿಯಬೇಡಿ.

ಹಣ ಕಟ್ಟುವ ಮುನ್ನ ನಾಲ್ಕು ಪ್ರಶ್ನೆ ಕೇಳಿ. ಇದು ರೇಡಿಯೋಥೆರಪಿ ಕೋರ್ಸೋ, ಎಕ್ಸ್-ರೇ ಮತ್ತು ಸ್ಕ್ಯಾನಿಂಗ್‌ನ ರೇಡಿಯಾಲಜಿ ಕೋರ್ಸೋ? ಎರಡೂ ಬೇರೆ ಬೇರೆ. ವಿಶ್ವವಿದ್ಯಾಲಯದ ಮಾನ್ಯತೆ ಇದೆಯೇ? ಕಲಿಸುವ ಆಸ್ಪತ್ರೆಯಲ್ಲಿ ಚಿಕಿತ್ಸೆಯ ಯಂತ್ರ ನಿಜಕ್ಕೂ ನಡೆಯುತ್ತಿದೆಯೇ? ಓದು ಮುಗಿಸಿದ ಹಿಂದಿನ ವಿದ್ಯಾರ್ಥಿಗಳು ಈಗ ಎಲ್ಲಿದ್ದಾರೆ?

ಐದನೆಯ ಪ್ರಶ್ನೆಯನ್ನು ನಿಮ್ಮ ಮಗ ಅಥವಾ ಮಗಳಿಗೆ ಕೇಳಿ: “ನರಳುವವರ ಪಕ್ಕದಲ್ಲಿ ದಿನವೂ ನಿಲ್ಲಲು ನಿನ್ನಿಂದ ಆಗುತ್ತದೆಯೇ?” ಉತ್ತರ ಗೊತ್ತಿಲ್ಲದಿದ್ದರೆ, ನಮ್ಮ ಧರ್ಮಕೇಂದ್ರದಲ್ಲೇ ಚಿಕಿತ್ಸೆಗೆ ಹೋಗುತ್ತಿರುವ ಯಾರಿಗಾದರೂ ಒಂದು ವಾರ ಜೊತೆಗಾರರಾಗಿ ಹೋಗಿಬರಲಿ. ಬಸ್ಸಿನಲ್ಲಿ ಅವರ ಚೀಲ ಹಿಡಿಯಲಿ, ಸಾಲಿನಲ್ಲಿ ಚೀಟಿ ಹಿಡಿದು ನಿಲ್ಲಲಿ, ಕಾಯುವವರ ಮಾತು ಕೇಳಲಿ. ರೋಗಿಗೂ ಒಂದು ಆಸರೆಯಾಗುತ್ತದೆ. ವಾರದ ಕೊನೆಗೆ “ಬೇಡ” ಎಂದರೆ ಬಲವಂತ ಮಾಡಬೇಡಿ, ಅದು ಸೋಲಲ್ಲ. “ಆಗುತ್ತದೆ” ಎಂದರೆ, ರೇಡಿಯೇಷನ್ ಎಂಬ ಒಂದು ಪದಕ್ಕೆ ಹೆದರಿ ಅಡ್ಡ ನಿಲ್ಲಬೇಡಿ. ಮುಚ್ಚಿದ ಬಾಗಿಲಿನಾಚೆ ಮಲಗಿರುವವರಿಗೆ ಅವರ ಭಾಷೆಯಲ್ಲಿ ಮಾತನಾಡುವ ಒಬ್ಬರು ಬೇಕಾಗಿದ್ದಾರೆ. ಆ ಒಬ್ಬರು ನಿಮ್ಮ ಮನೆಯಲ್ಲೇ ಇರಬಹುದು.